ಊಟದ ಮೇಜಿನ ಮೇಲೆ ನಲವತ್ತೊಂದು ಕಾಗದ

ಬೈಂಡರಮ್ಮ ಊಟದ ಮೇಜನ್ನು ವಶಪಡಿಸಿಕೊಂಡು ಹನ್ನೊಂದು ದಿನವಾಗಿತ್ತು. ಮನೆಯಲ್ಲಿ ಮೇಜು ಇದ್ದೂ ಐದು ಜನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದರು. ಮೇಜಿನ ತುಂಬ ಕಾಗದಗಳು. ಸತ್ತವರು ಬರೆದವು, ಅದೂ ಸೈನಿಕರು ಬರೆದವು. ಹಾಗಾಗಿ ಮೊದಲ ವಾರ ಅವನ್ನು ತೆಗೆಯಿರಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಎರಡನೆಯ ವಾರ ಅವಳ ಅಣ್ಣನ ಹೆಂಡತಿಗೆ ಬಂತು.

"ಬದುಕಿರೋರು ಎಲ್ಲಿ ಕೂತು ತಿನ್ನಬೇಕು ಅಂತಾನೂ ಆ ಪುಣ್ಯಾತ್ಮರು ಬರೆದಿಟ್ಟಿದ್ದಾರಾ, ಸ್ವಲ್ಪ ಹುಡುಕಿ ನೋಡಮ್ಮ," ಎಂದಳು ಅತ್ತಿಗೆ, ಆಲೂಗಡ್ಡೆಯ ಪಾತ್ರೆ ಇಡಲು ಜಾಗ ಕಾಣದೆ ಕಿಟಕಿಯ ಕಟ್ಟೆಯ ಮೇಲಿಡುತ್ತ.

"ಇನ್ನು ಮೂರೇ ವಾರ ಅತ್ತಿಗೆ."

"ಮೂರು ವಾರದಲ್ಲಿ ನನ್ನ ಸೊಂಟ ಕಿತ್ತು ಬರುತ್ತೆ."

"ಬರಲಿ ಬಿಡಿ, ಅದನ್ನೂ ಸೇರಿಸಿ ಹೊಲಿದುಕೊಡ್ತೀನಿ."

ಹೊಲಿಯುವುದು ಅವಳ ಕಸುಬು. ಇಪ್ಪತ್ತಾರು ವರ್ಷದಿಂದ ಒಂದೇ ಅಂಗಡಿಯಲ್ಲಿ ಶಾಲೆಗಳ ಹಾಜರಿ ಪುಸ್ತಕ, ಕಚೇರಿಗಳ ರಿಜಿಸ್ಟರು ಹೊಲಿದು, ರಟ್ಟು ಕಟ್ಟಿ, ಬೀದಿಗೆಲ್ಲ ಬೈಂಡರಮ್ಮ ಆಗಿದ್ದಳು. ಗಂಡ ತೀರಿಕೊಂಡ ಮೇಲೆ ಅಮ್ಮನಿರುವ ಅಣ್ಣನ ಮನೆಗೆ ಬಂದು ಹಿಂದಿನ ಕೋಣೆ ಹಿಡಿದವಳು, ಈಗ ಊಟದ ಕೋಣೆಯನ್ನೂ ಹಿಡಿದಿದ್ದಳು. ಹಿಡಿಸಿದವನು ಅಣ್ಣ.

ಅಣ್ಣ ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಉಗ್ರಾಣ ನೋಡಿಕೊಂಡು, ನಿವೃತ್ತನಾಗಿ, ಈಗ ಒಂದು ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ. ಮನೆಯ ಸಕ್ಕರೆ ಡಬ್ಬಕ್ಕೂ ಚೀಟಿ ಅಂಟಿಸುವ ಜನ. ಅವನ ಅಪ್ಪ ಸೈನಿಕ, ಅಪ್ಪನ ಅಪ್ಪ ಸೈನಿಕ. ಈಗ ಅವನ ಮಗಳು ಪುಟ್ಟಿ, ಇಪ್ಪತ್ತು ವರ್ಷದವಳು, ಸೈನ್ಯಕ್ಕೆ ಆಯ್ಕೆಯಾಗಿದ್ದಳು. ತಿಂಗಳು ಮುಗಿಯುವುದರೊಳಗೆ ಒಪ್ಪಿಗೆ ಪತ್ರಕ್ಕೆ ಅವಳೂ ಅಪ್ಪನೂ ಸಹಿ ಮಾಡಿ ಕಳಿಸಬೇಕು. ಸಹಿಯ ದಿನ ಮನೆತನದ ಕಾಗದಗಳನ್ನೆಲ್ಲ ಒಂದು ಪುಸ್ತಕ ಮಾಡಿ ಮಗಳ ಕೈಗಿಡಬೇಕು ಎಂದು ಅಣ್ಣನ ಆಸೆ. ಸಹಿಯೇ ಬೇಡ ಎಂದು ಅತ್ತಿಗೆಯ ಹಟ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತ ಗಾದೆ. ನಡುವೆ ಮೇಜು ಸಿಕ್ಕಿಬಿದ್ದಿತ್ತು.

ಕಾಗದಗಳೆಂದರೆ ತಾತ ಬರೆಸಿದ ಒಂಬತ್ತು, ಅಪ್ಪ ಬರೆದ ನಲವತ್ತೊಂದು. ಜೊತೆಗೆ ಬಿಡುಗಡೆ ಪತ್ರ, ರಜೆ ಚೀಟಿ, ಪದಕದ ಜೊತೆ ಬಂದ ಹಾಳೆಗಳು, ಒಂದು ತಂತಿ ಸಂದೇಶ. ತಾತನಿಗೆ ಸಹಿ ಹಾಕುವಷ್ಟೇ ಅಕ್ಷರ ಬರುತ್ತಿತ್ತು. ಅವನ ಒಂಬತ್ತೂ ಕಾಗದಗಳನ್ನು ಶಿಬಿರದ ಗುಮಾಸ್ತ ಬರೆದುಕೊಟ್ಟಿದ್ದ. ಒಂಬತ್ತರಲ್ಲೂ ಒಂದೇ ಮಾತು, ನಾನು ಕ್ಷೇಮ, ನೀವು ಕ್ಷೇಮವೆಂದು ನಂಬಿದ್ದೇನೆ. ಗುಮಾಸ್ತನಿಗೆ ಬೇರೆ ಕೆಲಸವಿತ್ತು, ಪಾಪ.

ಅಕ್ಷರ ಬಾರದಿದ್ದರೂ ಕಾಗದದ ಬಗ್ಗೆ ತಾತನಿಗೆ ಭಕ್ತಿ. ಕೈಬೆವರು ಕಾಗದಕ್ಕೆ ವಿಷ ಎಂದು ಯಾರೋ ಮೇಲಧಿಕಾರಿ ಹೇಳಿದ್ದನ್ನು ಹಿಡಿದುಕೊಂಡು ಮನೆಗೊಂದು ಕಾನೂನು ಮಾಡಿದ್ದ. ಮಗನ ಕಾಗದ ಬಂದರೆ ಒಬ್ಬರು ಓದಬೇಕು, ಮಿಕ್ಕವರು ಕೇಳಬೇಕು. ಓದಿದ್ದು ಮುಗಿಯುತ್ತಲೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ. ಎರಡನೆಯ ಕೈ ಮುಟ್ಟುವ ಹಾಗಿಲ್ಲ. ಓದುತ್ತಿದ್ದವಳು ಅಮ್ಮ. ತಾತ ಕುರ್ಚಿಯಲ್ಲಿ ಕೋಲು ಊರಿಕೊಂಡು, ಮಕ್ಕಳಿಬ್ಬರು ನೆಲದ ಮೇಲೆ ಕಾಲು ಮಡಚಿಕೊಂಡು ಕೇಳುತ್ತಿದ್ದರು. ತಾತ ಸತ್ತ ಮೇಲೆ ಟ್ರಂಕಿನ ಬೀಗದ ಕೈ ಅಣ್ಣನಿಗೆ ಬಂತು. ಅವನು ವರ್ಷಕ್ಕೆ ಎರಡು ಸಲ ಟ್ರಂಕು ತೆರೆದು, ಗಂಟುಗಳನ್ನು ಬಿಸಿಲಿಗಿಟ್ಟು, ನುಸಿಗುಳಿಗೆ ಬದಲಿಸಿ, ಎಣಿಸಿ, ಪಟ್ಟಿಯಲ್ಲಿ ಗುರುತು ಹಾಕಿ ಮುಚ್ಚುತ್ತಿದ್ದ. ಅಪ್ಪ ಸತ್ತ ಮೇಲಿನ ಮೂವತ್ತೊಂಬತ್ತು ವರ್ಷದಲ್ಲಿ ಒಂದು ಹಾಳೆಯೂ ಕಳೆದಿರಲಿಲ್ಲ. ಒಂದು ಹಾಳೆಯನ್ನೂ ಯಾರೂ ಓದಿರಲಿಲ್ಲ.

ಬೈಂಡರಮ್ಮನೂ ಓದುವುದಕ್ಕೆಂದು ಕೂತವಳಲ್ಲ. ತೇವದ ಒತ್ತುಕಾಗದದ ನಡುವೆ ಒಂದೊಂದೇ ಹಾಳೆಯನ್ನಿಟ್ಟು, ಮಡಿಕೆ ಸಡಿಲಾದ ಮೇಲೆ ಮೂಳೆಯ ಪಟ್ಟಿಯಿಂದ ಸವರಿ, ಭಾರ ಹೇರಿ ಚಪ್ಪಟೆ ಮಾಡುತ್ತಿದ್ದಳು. ಮಡಿಕೆಯಲ್ಲಿ ಹರಿದಲ್ಲಿಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದದ ತೇಪೆ. ಅಂಟಿಗೆ ಮೈದಾ ಕಾಯಿಸಿದ್ದಳು. ಅತ್ತಿಗೆ ಒಮ್ಮೆ, "ಟೇಪು ಹಚ್ಚಿ ಮುಗಿಸಬಾರದಾ?" ಎಂದು ಕೇಳಿ, ನಾದಿನಿ ನೋಡಿದ ನೋಟಕ್ಕೆ ಅಡುಗೆಮನೆಗೆ ವಾಪಸು ಹೋಗಿದ್ದಳು.

ಆದರೆ ಹಾಳೆಗಳನ್ನು ಜೋಡಿಸಬೇಕೆಂದರೆ ಯಾವುದರ ಹಿಂದೆ ಯಾವುದು ಎಂದು ಓದಲೇಬೇಕು. ಹನ್ನೆರಡನೆಯ ದಿನ ಅಪ್ಪನ ಮೊದಲ ಕಾಗದದ ಕೊನೆಯ ಹಾಳೆ ತೆಗೆದುಕೊಂಡಳು. ಅಪ್ಪನ ಕಾಗದಗಳ ಕೊನೆಯಲ್ಲಿ ಯಾವಾಗಲೂ ಅವಳಿಗೊಂದು ಮಾತಿರುತ್ತಿತ್ತು: 'ಚಿಕ್ಕವಳು ಸೊಪ್ಪು ತಿನ್ನುತ್ತಿದ್ದಾಳೋ ಇಲ್ಲವೋ, ತಪ್ಪದೆ ಬರೆ.' ಅಷ್ಟು ದೂರ ಕೂತು ಅಪ್ಪ ತನ್ನ ತಟ್ಟೆ ನೋಡುತ್ತಾರಲ್ಲ ಎಂದು ಹೆಮ್ಮೆಪಟ್ಟುಕೊಂಡು ಸೊಪ್ಪು ನುಂಗಿದವಳು ಅವಳು. ಆ ಸಾಲು ಅಲ್ಲಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಏಳನೆಯದನ್ನು ನೋಡಿ ಮುಗಿಸಿ ಎದ್ದು ಹಿತ್ತಲಿಗೆ ಹೋದಳು.

ಅಮ್ಮ ಅಲ್ಲಿ ಬಟಾಣಿ ಸುಲಿಯುತ್ತಿದ್ದಳು. ಎಪ್ಪತ್ತಾರು ವರ್ಷ. ಕಣ್ಣು ಮಂಜಾಗಿ ಮುಖಗಳೆಲ್ಲ ಒಂದೇ ಆಗಿದ್ದವು. ಹೆಜ್ಜೆ ಸದ್ದಿನಿಂದಲೇ ಯಾರೆಂದು ಹೇಳುತ್ತಿದ್ದಳು.

"ಅಮ್ಮ, ಅಪ್ಪ ಸೊಪ್ಪಿನ ಬಗ್ಗೆ ಬರೀತಿದ್ರಲ್ಲ, ಯಾವ ಕಾಗದದಲ್ಲಿ?"

"ಎಲ್ಲದರಲ್ಲೂ ಬರೀತಿದ್ರು."

"ಏಳು ನೋಡಿದೆ, ಒಂದರಲ್ಲೂ ಇಲ್ಲ."

ಅಮ್ಮ ಒಂದು ಬಟಾಣಿ ಸುಲಿದಳು. ಇನ್ನೊಂದು ಸುಲಿದಳು.

"ನೀನು ಸೊಪ್ಪು ಮುಟ್ತಿರಲಿಲ್ಲ ಕಣೆ. ನಾನು ಹೇಳಿದ್ರೆ ಕೇಳ್ತಿದ್ಯಾ? ಅಪ್ಪ ಹೇಳಿದ್ರು ಅಂದೆ, ತಿಂದೆ. ಮೈಯಲ್ಲಿ ರಕ್ತ ಆಯ್ತು. ಈಗ ಅದಕ್ಕೆ ಕೋರ್ಟಿಗೆ ಹಾಕ್ತೀಯಾ ನನ್ನ?"

"'ತಂಗಿ ಮೇಲೆ ಕೈ ಮಾಡಬೇಡ' ಅಂತ ಅಣ್ಣನಿಗೆ ಬರ್ತಿತ್ತಲ್ಲ?"

"ಅದೂ ನಾನೇ. ಅವನು ನಿನ್ನನ್ನ ಬಡೀತಿದ್ದ."

ಬೈಂಡರಮ್ಮನಿಗೆ ನಗು ಬಂತು. ನಗುತ್ತಲೇ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಅಳುವೂ ಬಂತು. ನಲವತ್ತೇಳನೆಯ ವಯಸ್ಸಿನಲ್ಲಿ ಸೊಪ್ಪಿಗಾಗಿ ಅಳುವುದಾ ಎಂದು ತನ್ನನ್ನೇ ಬೈದುಕೊಂಡು ಮುಖ ತೊಳೆದುಕೊಂಡು ಮೇಜಿಗೆ ವಾಪಸು ಬಂದಳು.

ಅಂದಿನಿಂದ ಅವಳು ಓದತೊಡಗಿದಳು. ಅಪ್ಪ ಬರೆದದ್ದೇ ಬೇರೆ ಇತ್ತು. ಕಾಲು ಬಾತಿದೆ, ಬೂಟು ಹಿಡಿಸುತ್ತಿಲ್ಲ. ಪಕ್ಕದ ಮಂಚದವನು ಹೋದ, ಕೊನೆಯವರೆಗೂ ನಾನೇ ನೀರು ಕುಡಿಸಿದೆ, ಅವನ ಕಂಬಳಿ ನನಗೆ ಕೊಟ್ಟರು, ಹೊದೆಯಲು ಮನಸ್ಸಾಗುವುದಿಲ್ಲ. ಕೈ ನಡುಗುತ್ತದೆ, ಅಪ್ಪನಿಗೆ ಗೊತ್ತಾಗಬಾರದು. ಹೀಗೆ ನಲವತ್ತು. ಇಡೀ ಮನೆ ಬಾಯಿಪಾಠ ಮಾಡಿಕೊಂಡಿದ್ದ 'ಈ ಮನೆಯವರು ಬೆನ್ನು ತೋರಿಸಿದವರಲ್ಲ' ಎಂಬ ಸಾಲು ಹುಡುಕಿದರೂ ಸಿಗಲಿಲ್ಲ. ಅದು ಕುರ್ಚಿಯಲ್ಲಿ ಕೋಲು ಊರಿಕೊಂಡು ಕೂತಿದ್ದ ಮಾವನಿಗಾಗಿ ಸೊಸೆ ಕಟ್ಟಿದ ಸಾಲು.

ಆ ಸಾಲೇ ಆ ವಾರ ಊಟದ ಹೊತ್ತಿಗೆ ಎದ್ದು ಬಂತು. ಅತ್ತಿಗೆ ಗಂಡನ ತಟ್ಟೆಗೆ ಅನ್ನ ಬಡಿಸುತ್ತ, "ಇರೋದು ಒಂದು ಮಗು. ಬ್ಯಾಂಕ್ ಪರೀಕ್ಷೆ ಬರೀಲಿ ಅಂದ್ರೆ ನಿಮಗೆ ಕಿವಿ ಕೇಳಿಸಲ್ಲ," ಎಂದಳು.

"ನಾನೇನು ತಳ್ತಾ ಇದ್ದೀನಾ? ಅವಳೇ ಹೋಗ್ತೀನಿ ಅಂತಾಳೆ."

"ಹುಟ್ಟಿದಾಗಿಂದ ಆ ಕಾಗದದ ಕಥೆ ಕೇಳಿಸಿದ್ರೆ ಇನ್ನೇನಂತಾಳೆ?"

"ಕಥೆ ಅಲ್ಲ ಅದು! ನಮ್ಮಪ್ಪ ಚಳೀಲಿ ಕೂತು ಕೈಯಾರೆ ಬರೆದಿದ್ದು. 'ಈ ಮನೆಯವರು ಬೆನ್ನು ತೋರಿಸಿದವರಲ್ಲ.' ನಾನು ಹದಿನೆಂಟಕ್ಕೆ ಹೋದೆ, ಅದೊಂದು ಮಾತಿಗೆ ಹೋದೆ."

"ಇಂಟರ್‌ವ್ಯೂನಲ್ಲಿ ಯಾಕೆ ಸೇರ್ತೀಯಾ ಅಂತ ಕೇಳಿದ್ರು ಅಮ್ಮ," ಎಂದಳು ಪುಟ್ಟಿ. "ನಾನೂ ಇದೇ ಹೇಳಿದ್ದು. ಮೂವರೂ ತಲೆ ಎತ್ತಿ ನೋಡಿದ್ರು."

ಅಮ್ಮ ತಟ್ಟೆ ಕೆಳಗಿಟ್ಟು ಕೈ ತೊಳೆಯಲು ಎದ್ದಳು. ಬೈಂಡರಮ್ಮ ಅನ್ನವನ್ನೇ ನೋಡುತ್ತ ಕೂತಳು. ಬಾಯಿಗೆ ಬಿಸಿ ತುಪ್ಪ ಬಿದ್ದ ಹಾಗಾಗಿತ್ತು ಅವಳ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕೊನೆಯ ಕಾಗದ ಇನ್ನೂ ಬಟ್ಟೆಯಲ್ಲೇ ಇತ್ತು. ಅಪ್ಪ ಶಿಬಿರದಲ್ಲಿ ಜ್ವರದಿಂದ ಸತ್ತನೆಂಬ ತಂತಿ ಮೊದಲು ಬಂದು, ಒಂಬತ್ತು ದಿನದ ಮೇಲೆ ಬಂದ ಕಾಗದ ಅದು. ಅವತ್ತೂ ಅಮ್ಮ ಓದಿದ್ದಳು. ತಾತ ಅವತ್ತೂ ಕುರ್ಚಿಯಲ್ಲೇ ಕೂತಿದ್ದ. ಮರುದಿನ ಅದನ್ನು ಬಿಚ್ಚಿದ ಬೈಂಡರಮ್ಮ ಎರಡನೆಯ ಹಾಳೆಯ ನಡುವೆ ನಿಂತುಬಿಟ್ಟಳು. ಹುಡುಗನನ್ನು ಸೈನ್ಯಕ್ಕೆ ಕಳಿಸಬೇಡ ಎಂದು ಅಪ್ಪ ಬರೆದಿದ್ದ. ಸುತ್ತು ಬಳಸಿಲ್ಲದೆ, ಏಳೆಂಟು ಸಾಲು.

ಮನೆಯಲ್ಲಿ ಅವತ್ತು ಅಮ್ಮನನ್ನು ಬಿಟ್ಟರೆ ಯಾರೂ ಇರಲಿಲ್ಲ. ಒಗೆದ ಬಟ್ಟೆ ಮಡಚುತ್ತಿದ್ದ ಅಮ್ಮನ ಎದುರು ಕೂತು, "ಕೊನೇ ಕಾಗದ ಬಿಚ್ಚಿದೆ," ಎಂದಳು.

ಅಮ್ಮ ಒಂದು ಟವೆಲ್ಲನ್ನು ನಾಲ್ಕು ಸಲ ಮಡಚಿದಳು.

"ಅದರ ಮೇಲೆ ಒಂದು ಕಾಗದ ಅಂಟಿಸಿಬಿಡು. ನಿನಗೆ ಬರುತ್ತಲ್ಲ."

"ಅಮ್ಮ!"

"ಹರಿದಿತ್ತು, ತೇಪೆ ಹಾಕಿದೆ ಅನ್ನು. ಯಾರು ಕೇಳ್ತಾರೆ? ನಿನ್ನ ಅಣ್ಣನಿಗೆ ಐವತ್ನಾಲ್ಕು. ಬದುಕು ಅರ್ಧ ಅಲ್ಲೇ ಕಳೆದು ಬಂದಿದ್ದಾನೆ. ಈಗ ಇದನ್ನ ಓದಿ ಏನು ಮಾಡ್ಬೇಕು ಅವನು?"

"ಅವನ ಮಾತು ಬಿಡು. ಪುಟ್ಟಿ ಸಹಿ ಹಾಕ್ತಾಳಲ್ಲ, ಯಾವುದನ್ನ ನಂಬಿ ಹಾಕ್ತಾಳೆ?"

"ಅವಳು ನನ್ನ ಹಾಗಲ್ಲ. ಓದಿದವಳು."

"ಏನು ಓದಿದ್ದಾಳೆ? ನೀನು ಓದಿದ್ದನ್ನ ಕೇಳಿದ್ದಾಳೆ."

ಅಮ್ಮನಿಗೆ ಸಿಟ್ಟು ಬಂತು. ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ, "ಅಂಟಿಸೋದಾದ್ರೆ ಅಂಟಿಸು, ಇಲ್ಲದಿದ್ರೆ ಒಲೆಗೆ ಹಾಕು," ಎಂದು ಎದ್ದುಹೋದಳು.

ಬೈಂಡರಮ್ಮ ಅಂಟಿಸುವುದಕ್ಕೇ ಕೂತಳು. ಸುಳ್ಳು ಯಾಕೆ ಹೇಳಬೇಕು? ಅಣ್ಣನ ಮುಖ ನೆನೆದರೆ ಅವಳಿಗೆ ಅದೇ ಸರಿಯೆನಿಸಿತು. ದಪ್ಪ ಕಾಗದವೊಂದನ್ನು ಆ ಏಳೆಂಟು ಸಾಲಿನ ಅಳತೆಗೆ ಕತ್ತರಿಸಿದಳು, ಹಿಂಬದಿಗೆ ಅಂಟು ಸವರಿದಳು, ಎರಡು ಬೆರಳಲ್ಲಿ ಎತ್ತಿಹಿಡಿದಳು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಜನ ಬಂದು ಈ ಪುಟ ತೆಗೆದುಬಿಡಮ್ಮ, ಆ ಸಾಲು ಮುಚ್ಚಿಬಿಡಮ್ಮ ಎಂದು ಬೇಡಿದ್ದರು. ರಿಜಿಸ್ಟರು ಹೊಲಿಯುವುದಷ್ಟೇ ನನ್ನ ಕೆಲಸ ಎಂದು ಎಲ್ಲರನ್ನೂ ವಾಪಸು ಕಳಿಸಿದವಳು ಅವಳು. ಅಷ್ಟರಲ್ಲಿ ಕೆಲಸದಿಂದ ಬಂದ ಅತ್ತಿಗೆ ಹಿಂದೆ ನಿಂತು, "ಅಲ್ಲೇನು ಹರಿದೇ ಇಲ್ವಲ್ಲ, ಯಾಕೆ ತೇಪೆ?" ಎಂದಳು.

"ಹೌದು ಅತ್ತಿಗೆ, ಹರಿದಿಲ್ಲ," ಎಂದಳು ಬೈಂಡರಮ್ಮ. ಕೈಯಲ್ಲಿದ್ದುದನ್ನು ಮುದುರಿ ಕಸದ ಬುಟ್ಟಿಗೆ ಹಾಕಿದಳು. ಅತ್ತಿಗೆ ಓದಲು ಬಗ್ಗಲಿಲ್ಲ; ಹಸಿವಾಗಿತ್ತು ಅವಳಿಗೆ.

ಸಂಜೆ ಬೈಂಡರಮ್ಮ ಅಮ್ಮನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ಭಾನುವಾರ ಪುಸ್ತಕ ಅಣ್ಣನ ಕೈ ಸೇರುತ್ತೆ. ಅಷ್ಟರೊಳಗೆ ನೀನೇ ಹೇಳು. ಇಲ್ಲದಿದ್ರೆ ಕಾಗದ ಹೇಳುತ್ತೆ."

ಅಮ್ಮ ಅವಳೊಂದಿಗೆ ಮಾತು ಬಿಟ್ಟಳು. ನಾಲ್ಕು ದಿನ ಊಟವನ್ನು ಕೈಯಿಂದ ಕೆದಕಿ ಹಾಗೇ ಬಿಟ್ಟು ಏಳುತ್ತಿದ್ದಳು. "ಹಲ್ಲು ನೋವಾ ಅತ್ತೆ?" ಎಂದು ಅತ್ತಿಗೆ ಕೇಳಿದರೆ, "ಹ್ಞೂಂ," ಎಂದಳು. ಉಳಿದಿದ್ದ ಹಲ್ಲು ಮೂರು.

ಭಾನುವಾರ ಮಧ್ಯಾಹ್ನ ಮೇಜು ಖಾಲಿಯಾಗಿತ್ತು. ಅತ್ತಿಗೆ ಅದನ್ನು ಎರಡು ಸಲ ಒರೆಸಿ, ಐದು ಕುರ್ಚಿ ಎಳೆದು, ಹಬ್ಬ ಬಂದ ಹಾಗೆ ಬಡಿಸಲು ಸಿದ್ಧಳಾದಳು. ಅಣ್ಣ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಒರೆಸಿ, ಪುಸ್ತಕವನ್ನು ತೆಗೆದುಕೊಂಡ. ಕಡುನೀಲಿ ಬಟ್ಟೆಯ ರಟ್ಟು. ಹಾಳೆಗಳಿಗೆ ದಾರ ತಾಗದ ಹಾಗೆ ಪಟ್ಟಿ ಕೊಟ್ಟು ಹೊಲಿದ ಕೆಲಸ. ಮೊದಲು ಎಣಿಸಿದ. ಆಮೇಲೆ ತಂಗಿಯನ್ನು ನೋಡಿ, "ಭೇಷ್," ಎಂದ. ಅವನ ಬಾಯಲ್ಲಿ ಆ ಮಾತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

"ಊಟಕ್ಕೆ ಮುಂಚೆ ಒಂದು ಓದಬೇಕು. ಕೊನೇದು. ಅದನ್ನ ಒಂದೇ ಸಲ ಕೇಳಿದ್ದು ನಾನು. ಅಮ್ಮ, ನೀನೇ ಓದು, ಮುಂಚಿನ ಹಾಗೆ."

"ಕಣ್ಣು ಕಾಣಲ್ಲ ಕಣೋ."

"ಹೌದಲ್ವಾ. ಪುಟ್ಟಿ, ನೀನು ಓದಮ್ಮ."

ಪುಟ್ಟಿ ಕೈ ಚಾಚಿದಳು.

"ಬೇಡ," ಎಂದಳು ಅಮ್ಮ. "ಇಲ್ಲಿ ಕೊಡು. ನಾನೇ ಓದ್ತೀನಿ."

ಪುಸ್ತಕವನ್ನು ತೊಡೆಯ ಮೇಲೆ ತೆರೆದುಕೊಂಡಳು. ಹಿಂದೆ ನಿಂತಿದ್ದ ಬೈಂಡರಮ್ಮನಿಗೆ ಕಂಡಿತು: ತೆರೆದದ್ದು ತಾತನ ರಜೆ ಚೀಟಿಯ ಪುಟ. ಪುಟ ತಿರುಗಿಸಿಕೊಡಲು ಬಗ್ಗಿದವಳು, ಅಮ್ಮ ಶುರುಮಾಡಿದ್ದು ಕೇಳಿ ಹಾಗೇ ನಿಂತಳು.

ಅಮ್ಮ ಓದುವ ದನಿಯಲ್ಲೇ, ಎಲ್ಲೂ ತಡವರಿಸದೆ ಹೇಳಿದಳು. "'ಜ್ವರ ಬಿಟ್ಟಿಲ್ಲ. ಇದನ್ನು ಅಪ್ಪನಿಗೆ ಓದಿ ಹೇಳಬೇಡ. ಹುಡುಗನನ್ನು ಮಾತ್ರ ಈ ಕಡೆ ಕಳಿಸಬೇಡ. ಅವನ ಬೆರಳು ಚುರುಕು. ಹೋದ ರಜೆಯಲ್ಲಿ ನನ್ನ ಕೈಗಡಿಯಾರ ಬಿಚ್ಚಿ ಮತ್ತೆ ಕೂಡಿಸಿಟ್ಟಿದ್ದ. ನಾನು ಬೈದೆ. ಬೈಯಬಾರದಿತ್ತು. ಮೂಲೆ ಅಂಗಡಿಯ ಗಡಿಯಾರದವನ ಹತ್ತಿರ ಅವನನ್ನು ಕೆಲಸ ಕಲಿಯಲು ಬಿಡು. ಅಪ್ಪ ಕೂಗಾಡುತ್ತಾರೆ, ಕೂಗಾಡಲಿ. ನೀನು ಗಟ್ಟಿಯಾಗಿ ನಿಲ್ಲು.'"

ಬೈಂಡರಮ್ಮ ಆ ಸಾಲುಗಳನ್ನು ಅಷ್ಟು ದಿನ ನೋಡಿದ್ದಳು. ಒಂದು ಅಕ್ಷರ ಹೆಚ್ಚುಕಡಿಮೆ ಇರಲಿಲ್ಲ.

ಅಡುಗೆಮನೆಯಲ್ಲಿ ಏನೋ ಕುದಿದು ಉಕ್ಕಿತು. ಅತ್ತಿಗೆ ಎದ್ದು ಹೋಗಲಿಲ್ಲ.

"ಅವತ್ತು ಹೀಗೆ ಓದಲಿಲ್ಲ ನೀನು," ಎಂದ ಅಣ್ಣ.

"ಇಲ್ಲ. ಮಾವ ಎದುರಿಗೆ ಕೂತಿದ್ರು. ಹೆದರಿದೆ. ನಾಳೆ ಹೇಳ್ತೀನಿ, ನಾಡಿದ್ದು ಹೇಳ್ತೀನಿ ಅಂತ ಮೂರು ವರ್ಷ ತಳ್ಳಿದೆ. ಆಮೇಲೆ ಮಾವ ಹಾಸಿಗೆ ಹಿಡಿದ್ರು, ನಿನಗೆ ಹದಿನೆಂಟಾಯ್ತು." ಅಮ್ಮ ಪುಸ್ತಕದ ಮೇಲೆ ಕೈಯಾಡಿಸಿದಳು. "ಆಗ ಹೆದರಿಕೆ ಇರಲಿಲ್ಲ. ನಿನ್ನ ಸಂಬಳ ಬೇಕಾಗಿತ್ತು ಮನೆಗೆ. ಅದಕ್ಕೆ ಹೇಳಲಿಲ್ಲ. ಇದು ನಿಜ."

ಅಣ್ಣ ತನ್ನ ಎರಡು ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದ. ಕೂಗುತ್ತಾನೆ ಎಂದುಕೊಂಡಳು ಬೈಂಡರಮ್ಮ. ಎದ್ದು ಹೋಗುತ್ತಾನೆ ಎಂದುಕೊಂಡಳು ಅತ್ತಿಗೆ.

"ಬೈದಿದ್ದು ನೆನಪಿದೆ ನನಗೆ," ಎಂದ ಅವನು. "ಗಡಿಯಾರಕ್ಕೆ. ಕಪಾಳಕ್ಕೂ ಒಂದು ಬಿತ್ತು. ಅದೇ ಕೊನೇ ರಜೆ." ಪುಸ್ತಕದ ಕಡೆ ಕೈ ತೋರಿಸಿದ. "ಬೈಯಬಾರದಿತ್ತು ಅಂತ ಬರೆದಿದ್ರಾ ಅಪ್ಪ?"

"ಬರೆದಿದ್ರು."

"ಅದೊಂದು ಇನ್ನೊಂದು ಸಲ ಓದಮ್ಮ."

ಅಮ್ಮ ಓದಿದಳು. ಅಣ್ಣ ಅತ್ತ. ಮನೆಯವರು ಅವನು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಅಮ್ಮನಿಗೆ ಬಡಿಸೇ. ನಾಲ್ಕು ದಿನ ಆಯ್ತು ಅವಳು ತಿಂದು," ಎಂದ ಹೆಂಡತಿಗೆ. ತಾನು ತಿನ್ನಲಿಲ್ಲ. ಅಮ್ಮನ ಜೊತೆ ಆ ವಾರ ಬೇರೆ ಮಾತೂ ಆಡಲಿಲ್ಲ. ಅವಳ ಕಣ್ಣಿನ ಔಷಧಿಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ಹಾಕಿ ಎದ್ದು ಹೋಗುತ್ತಿದ್ದ.

ಒಪ್ಪಿಗೆ ಪತ್ರ ಕಪಾಟಿನ ಮೇಲೆಯೇ ಇತ್ತು. "ಎಲ್ಲ ನೀನೇ ಓದು. ಕಣ್ಣಿಟ್ಟು ಓದು. ಆಮೇಲೆ ಹೇಳು," ಎಂದು ಮಗಳ ಕೈಗೆ ಪುಸ್ತಕ ಕೊಟ್ಟಿದ್ದ. ಪುಟ್ಟಿ ಐದು ದಿನ ಓದಿದಳು. ಹುಡುಗಿ ಮನಸ್ಸು ಬದಲಾಯಿಸುತ್ತಾಳೆ ಎಂದು ಅತ್ತಿಗೆ ಆ ಐದೂ ದಿನ ಮಗಳಿಗೆ ಮೊಟ್ಟೆ ಬೇಯಿಸಿಟ್ಟಳು.

ಆರನೆಯ ದಿನ ಸಂಜೆ ಪುಟ್ಟಿ ಪತ್ರವನ್ನೂ ಪೆನ್ನನ್ನೂ ತಂದು ಮೇಜಿನ ಮೇಲಿಟ್ಟಳು. ತನ್ನ ಸಹಿ ಆಗಲೇ ಹಾಕಿದ್ದಳು.

"ಬೆನ್ನು ತೋರಿಸಿದವರಲ್ಲ ಅಂತ ಅಲ್ಲ ಅಪ್ಪ. ಆ ಮಾತು ಬಿಟ್ಟೆ. ಕಾಲು ಬಾತಿದ್ರೂ, ಕೈ ನಡುಗಿದ್ರೂ ನಿಮ್ಮಪ್ಪ ಪಕ್ಕದ ಮಂಚದವನಿಗೆ ಕೊನೇವರೆಗೂ ನೀರು ಕುಡಿಸಿದ್ರಲ್ಲ. ಅಷ್ಟು ನನ್ನ ಕೈಲೂ ಆಗುತ್ತಾ, ನೋಡ್ಬೇಕು. ಹೆದರಿಕೆ ಇದೆ."

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಮ್ಮ ಗೋಡೆಗೊರಗಿ ಕೂತಿದ್ದಳು. ಬೈಂಡರಮ್ಮ ಅಣ್ಣನನ್ನೇ ನೋಡುತ್ತಿದ್ದಳು. ಅವನು ಪತ್ರವನ್ನು ಮೊದಲಿನಿಂದ ಕೊನೆವರೆಗೆ ಓದಿದ. ತರಬೇತಿಯ ಮೊದಲ ಮೂರು ತಿಂಗಳು ಫೋನ್ ಇಲ್ಲ, ಮನೆಗೆ ಕಾಗದ ಬರೆಯಬಹುದು ಎಂದು ಹಿಂಬದಿಯಲ್ಲಿ ಅಚ್ಚಾಗಿದ್ದುದನ್ನು ಎರಡು ಸಲ ಓದಿದ. ಆಮೇಲೆ ಸಹಿ ಮಾಡಿದ.

"ಕಷ್ಟ ಇದ್ರೆ ಕಷ್ಟ ಅಂತಲೇ ಬರಿ," ಎಂದ. "ಬೇಡ ಅನಿಸಿದ್ರೆ ಬೇಡ ಅಂತ ಒಂದು ಸಾಲು ಸಾಕು. ಅವತ್ತೇ ಹೊರಟು ಬಂದು ಕರ್ಕೊಂಡು ಹೋಗ್ತೀನಿ. ನಿನ್ನ ಕಾಗದ ಈ ಮನೇಲಿ ಯಾರೂ ಯಾರಿಗೂ ಓದಿ ಹೇಳಲ್ಲ. ನಾನೇ ಓದ್ತೀನಿ."